ಒಂದೇ ಪುಟ, ಇಬ್ಬರು ಓದುಗರು

ನನ್ನ ಹೆಂಡತಿಯ ತಂಗಿ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿಯಾಗಿ ಸೇರಿದ್ದು 1961ರ ಆಗಸ್ಟ್ 3ರಂದು. ನಿವೃತ್ತಳಾದದ್ದು 1990ರ ಜೂನ್ 30ರಂದು. ಈ ಅವಧಿಯಲ್ಲಿ ಆಕೆ ಮುಖ್ಯವಾಗಿ ಒಂದು ಸಂಗತಿಯನ್ನು ಕಲಿತಳು. ಗಾಜಿನ ಪೆಟ್ಟಿಗೆಯ ಮುಂದೆ ಮಕ್ಕಳು ನಿಲ್ಲುತ್ತಾರೆ. ಅವರ ತಲೆಗಳ ಮೇಲಿಂದ ದೊಡ್ಡವರು ಇಣುಕುತ್ತಾರೆ. ಹೇಳುವ ಮಾತು ಎರಡೂ ಸಾಲಿಗೆ ತಲುಪಬೇಕು. ಒಂದು ಸಾಲು ಆಕಳಿಸಿತೆಂದರೆ ಇನ್ನೊಂದನ್ನೂ ಬಾಗಿಲ ಕಡೆಗೆ ಎಳೆದೊಯ್ಯುತ್ತದೆ.

ನಿವೃತ್ತಿಯ ಬಳಿಕ ಊರಿನ ಹಳೆಯ ಸೇತುವೆಯ ಚರಿತ್ರೆಯನ್ನು ಆಕೆ ಬರೆದದ್ದೂ ಹಾಗೆಯೇ. ಪ್ರತಿ ಪುಟದ ಮೇಲರ್ಧ ದೊಡ್ಡವರಿಗೆ, ಸಣ್ಣ ಅಕ್ಷರದಲ್ಲಿ. ಕೆಳಗಿನರ್ಧ ಮಕ್ಕಳಿಗೆ, ದಪ್ಪ ಅಕ್ಷರದಲ್ಲಿ. ಮೇಲೆ ಗುತ್ತಿಗೆದಾರರ ಜಗಳ, ನಗರಸಭೆಯ ನಿರ್ಣಯ, ಕುಸಿದ ಕಂಬ. ಕೆಳಗೆ, ಅದೇ ದಿನ ಕಲ್ಲು ಹೊತ್ತ ಕತ್ತೆಯೊಂದು ನಡುಸೇತುವೆಯಲ್ಲಿ ಕಾಲೂರಿ ನಿಂತ ಕಥೆ. ದೊಡ್ಡವರೂ ಮಕ್ಕಳೂ ಒಂದೇ ಪುಸ್ತಕ ಹಿಡಿದು ಕೂರಬೇಕೆಂಬುದು ಆಕೆಯ ಆಸೆ. ತಾರೀಖುಗಳನ್ನು ಪರಿಶೀಲಿಸುವ ಹೊಣೆ ನನ್ನದಾಗಿತ್ತು.

"ಮಕ್ಕಳ ಭಾಗದಲ್ಲಿ ಒಂದು ತಾರೀಖೂ ಇಲ್ವಲ್ಲಮ್ಮ" ಎಂದು ತಕರಾರು ತೆಗೆದೆ.

"ಕತ್ತೆ ಕ್ಯಾಲೆಂಡರ್ ನೋಡ್ಕೊಂಡು ನಿಲ್ಲಲ್ಲ ಭಾವ" ಎಂದಳು.

1991ರ ನವೆಂಬರ್ 16, ಶನಿವಾರ, ನಾವಿಬ್ಬರೂ ಪ್ರಕಾಶಕರ ಕಚೇರಿಗೆ ಹೋದೆವು. ಕೆಳಗಿನ ಅಂತಸ್ತಿನಲ್ಲಿ ಮುದ್ರಣಯಂತ್ರ ಓಡುತ್ತಿದ್ದುದರಿಂದ ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಪ್ರಕಾಶಕರು ಹಸ್ತಪ್ರತಿಯ ಪ್ರತಿ ಪುಟದ ನಡುವೆ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿದ್ದರು.

"ಇಲ್ಲಿಗೆ ಕತ್ತರಿಸಿ ಎರಡು ಪುಸ್ತಕ ಮಾಡೋಣ. ಹೀಗೇ ಬಿಟ್ರೆ ಅಂಗಡಿಯವರು ಇದನ್ನ ಯಾವ ಕಪಾಟಲ್ಲಿ ಇಡಬೇಕು, ಹೇಳಿ?"

ನಾನು ಹೌದೆಂದು ತಲೆಯಾಡಿಸಿದೆ. ನಾದಿನಿ ನನ್ನತ್ತ ನೋಡಲೂ ಇಲ್ಲ.

"ಕತ್ತರಿಸೋದಾದ್ರೆ ನನ್ನ ಪ್ರತಿ ವಾಪಸ್ ಕೊಟ್ಬಿಡಿ. ಅದಕ್ಕೆ ಮುಂಚೆ ಒಂದೇ ಒಂದು ಪುಟ ನಿಮ್ಮ ಮೊಮ್ಮಗಳ ಜೊತೆ ಕೂತು ಓದಿ."

ಎರಡನೆಯ ತರಗತಿಯ ಆ ಮೊಮ್ಮಗಳು ಅಲ್ಲಿಯೇ ಮೂಲೆಯಲ್ಲಿ ರದ್ದಿ ಕಾಗದಗಳಿಗೆಲ್ಲ ಕಚೇರಿಯ ಮೊಹರು ಒತ್ತುತ್ತಿದ್ದಳು. ಬಂದು ತಾತನ ಕುರ್ಚಿಯ ಕೈ ಮೇಲೆ ಕುಳಿತಳು. ಪ್ರಕಾಶಕರು ಮೇಲರ್ಧವನ್ನು ಸರಸರನೆ ಓದಿ ಮುಗಿಸಿ, ಪುಟದ ತುದಿಗೆ ಬೆರಳಿಟ್ಟರು. ನೇರಳೆ ಶಾಯಿಯ ಪುಟ್ಟ ಅಂಗೈಯೊಂದು ಪುಟವನ್ನು ಅದುಮಿ ಹಿಡಿಯಿತು.

"ಇರಿ ತಾತ. ಕತ್ತೆ ಇನ್ನೂ ಸೇತುವೆ ಮೇಲಿದೆ."

ಕಾಯುವುದು ಅನಿವಾರ್ಯವಾಯಿತು. ಬೇರೆ ಕೆಲಸವಿಲ್ಲದೆ ಅವರು ಮೇಲರ್ಧವನ್ನೇ ಮತ್ತೊಮ್ಮೆ ಓದಿದರು. ಈ ಬಾರಿ ಒಂದು ಸಾಲಿನ ಬಳಿ ತಡೆದು ನಿಂತರು.

"ಕಂಬ ಬಿದ್ದಾಗ ಸತ್ತವರ ಹೆಸರು ಎಲ್ಲೂ ಇಲ್ವಾ?"

"ಇಲ್ಲ. ದಾಖಲೆಯಲ್ಲಿ ಕಂಬಕ್ಕೆ ಎಷ್ಟು ಕಲ್ಲು ಹೋಯ್ತು ಅನ್ನೋದು ಮಾತ್ರ ಇದೆ" ಎಂದಳು ನಾದಿನಿ.

"ಮೊದಲ ಸಲ ಓದಿದಾಗ ಇದು ಕಣ್ಣಿಗೇ ಬೀಳ್ಲಿಲ್ಲ" ಎಂದು ಪ್ರಕಾಶಕರು ಮೆಲ್ಲನೆ ಹೇಳಿದರು.

ಅಷ್ಟರಲ್ಲಿ ಹುಡುಗಿ ತನ್ನ ಭಾಗ ಮುಗಿಸಿದಳು. "ಕತ್ತೆ ಯಾಕೆ ನಿಂತಿತು ಅಂತ ಮೇಲೆ ಓದಿದವರನ್ನ ಕೇಳು ಅಂತಿದೆ. ಯಾಕೆ ತಾತ?"

ಬಿರುಕು ಬಿಟ್ಟ ಕಂಬದ ಸಂಗತಿಯನ್ನು ಪ್ರಕಾಶಕರು ಪುಟ ನೋಡದೆ, ತಮ್ಮದೇ ಮಾತಿನಲ್ಲಿ ಹೇಳಿದರು. ಕಲ್ಲು ಅದುರಿದ್ದು ಮನುಷ್ಯರಿಗಿಂತ ಮೊದಲು ಕತ್ತೆಯ ಕಾಲಿಗೆ ತಿಳಿದಿರಬೇಕು ಎಂದರು.

"ಯಾವಾಗ ಆಗಿದ್ದು?"

ನನಗೆ ತಡೆಯಲಾಗಲಿಲ್ಲ. "1874ರ ಜೂನ್ 9. ಮಂಗಳವಾರ."

"ಮಂಗಳವಾರ ಅಂದ್ರೆ ಸ್ಕೂಲಿತ್ತಾ? ಮಕ್ಕಳೆಲ್ಲ ನೋಡೋಕೆ ಹೋಗಿದ್ರಾ?"

ಚರಿತ್ರೆ ಕಲಿಸುವುದರಲ್ಲೇ ಆಯುಷ್ಯ ಕಳೆದಿದ್ದೆ. ತಾರೀಖನ್ನು ಹಿಡಿದು ಹೀಗೆ ಮುಂದಕ್ಕೆ ಕೇಳಿದವರನ್ನು ಕಂಡಿರಲಿಲ್ಲ. "ಗೊತ್ತಿಲ್ಲ ಮಗು. ಯಾರೂ ಬರೆದಿಟ್ಟಿಲ್ಲ" ಎಂದೆ.

ನಾದಿನಿ ಪೆನ್ನು ತೆಗೆದು ಕೆಳಗಿನರ್ಧದ ಕೊನೆಗೆ ಸೇರಿಸಿದಳು: ಅದು 1874ರ ಜೂನ್ 9, ಮಂಗಳವಾರ. ಮಕ್ಕಳು ಶಾಲೆಯಲ್ಲಿದ್ದರೋ ಹೊಳೆಯ ದಡದಲ್ಲಿದ್ದರೋ, ನಮಗೆ ತಿಳಿಯದು.

"ನೋಡಿ ಭಾವ, ನಿಮ್ಮ ತಾರೀಖಿಗೂ ಜಾಗ ಸಿಕ್ತು."

ಪ್ರಕಾಶಕರು ರಬ್ಬರಿನಿಂದ ಕೆಂಪು ಗೆರೆಯನ್ನು ಉಜ್ಜತೊಡಗಿದರು. ಅದು ಪೂರ್ತಿ ಹೋಗದೆ ತೆಳು ಗುಲಾಬಿ ಕಲೆಯಾಗಿ ಉಳಿಯಿತು. "ಅಂಗಡಿಯವರು ಎಲ್ಲಾದ್ರೂ ಇಟ್ಕೊಳ್ಳಲಿ, ಒಂದೇ ಪುಸ್ತಕ" ಎಂದು ಗೊಣಗಿ, ಪುಟದ ತುದಿಯನ್ನು ಎತ್ತಿ ಹಿಡಿದು ಮೊಮ್ಮಗಳತ್ತ ನೋಡಿದರು.

"ಈಗ ತಿರುಗಿಸಲಾ?"