ಗಿರಣಿ ಅಕ್ಕನ ಸಾಲು

ಮಧ್ಯಾಹ್ನದ ಹೊತ್ತಿಗೆ ಅವರ ಎರಡೂ ಹುಬ್ಬುಗಳು ಬೆಳ್ಳಗಾಗಿರುತ್ತಿದ್ದವು. ಬೆಳಿಗ್ಗೆ ಕಪ್ಪು ಹುಬ್ಬಿನಲ್ಲಿಯೇ ಗಿರಣಿಯ ಬಾಗಿಲು ತೆರೆಯುತ್ತಿದ್ದರು. ಸಾಗರದ ಬಸ್ಸು ಬರುವಷ್ಟರಲ್ಲಿ ಅಕ್ಕಿಹಿಟ್ಟು ಹುಬ್ಬಿನ ಮೇಲೆ, ರೆಪ್ಪೆಯ ತುದಿಯಲ್ಲಿ, ಓಲೆಯ ಕಲ್ಲುಗಳ ನಡುವಿನ ಸಂದಿನಲ್ಲಿ ಕುಳಿತು, ಐವತ್ತು ದಾಟಿದ ಹೆಂಗಸು ಎಂಬತ್ತರವರಂತೆ ಕಾಣುತ್ತಿದ್ದರು. ಸಂಜೆ ಮುಖ ತೊಳೆದೊಡನೆ ಮತ್ತೆ ಮೊದಲಿನಂತೆ. "ದಿನಾ ಮುದುಕಿಯಾಗಿ ದಿನಾ ವಾಪಸ್ ಬರ್ತೀನಿ ಟೀಚರೇ. ನಿಮಗೆ ಆಗ್ತದಾ?" ಎಂದು ನನ್ನನ್ನು ಕೆಣಕುತ್ತಿದ್ದರು.

ನಮ್ಮದು ತೀರ್ಥಹಳ್ಳಿ, ಹೊಸನಗರ, ಸಾಗರ ಮೂರಕ್ಕೂ ನೇರ ಬಸ್ಸು ಸಿಗುವ ಸಣ್ಣ ಪಟ್ಟಣ. ಅವರ ಹಿಟ್ಟಿನ ಗಿರಣಿ ನಮ್ಮ ಮನೆಯ ಎದುರಿಗೆ. ಪತಿ ತೀರಿಕೊಂಡ ಮೇಲೆ ಅದನ್ನು ಅವರೊಬ್ಬರೇ ನಡೆಸಿದರು. ಇಡೀ ಊರು ಅವರನ್ನು 'ಗಿರಣಿ ಅಕ್ಕ' ಎಂದು ಕರೆಯುತ್ತಿತ್ತು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿ ಕುಳಿತ ವರ್ಷವೇ ಅವರು ಪಟ್ಟಣ ಪಂಚಾಯಿತಿಯ ಚುನಾವಣೆಗೆ ನಿಂತರು, ಗೆದ್ದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು; ಅದೂ ಅವರಿಗೇ ಬಂದಿತು. ಅಭಿನಂದಿಸಲು ಹೋದಾಗ ಅವರು ಯಂತ್ರದ ಬಾಯಿಗೆ ಅಕ್ಕಿ ಸುರಿಯುತ್ತಿದ್ದರು. ನಾನು ಕೊಟ್ಟ ಹಾರವನ್ನು ಗೋಡೆಯ ಮೊಳೆಗೆ ತೂಗುಹಾಕಿ, "ಇದಕ್ಕೂ ಹಿಟ್ಟು ಕೂರ್ತದೆ ಈಗ" ಎಂದರು.

ಅವರ ಆಡಳಿತದ ಕ್ರಮವನ್ನು ವಿವರಿಸಬೇಕಾದರೆ ಮೊದಲು ಡಬ್ಬಿಗಳ ಸಾಲನ್ನು ವಿವರಿಸಬೇಕು. ಗಿರಣಿಗೆ ಬರುವವರು ತಮ್ಮ ಅಕ್ಕಿಯ ಅಥವಾ ಗೋಧಿಯ ಡಬ್ಬಿಯನ್ನು ಜಗುಲಿಯ ಮೇಲೆ ಸಾಲಿನಲ್ಲಿಟ್ಟು ಪೇಟೆ ಕೆಲಸಕ್ಕೆ ಹೋಗಬಹುದಿತ್ತು. ಮನುಷ್ಯರ ಪರವಾಗಿ ಡಬ್ಬಿಗಳು ಕಾಯುತ್ತಿದ್ದವು. ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಯಾರ ಡಬ್ಬಿಯೂ ಮುಂದೆ ಜರುಗುತ್ತಿರಲಿಲ್ಲ. ಸಾಲಿನ ವಿಷಯದಲ್ಲಿ ಅವರು ಕಠೋರರು. ಅವರ ತವರು ಹಿನ್ನೀರಿನಲ್ಲಿ ಹೊಳೆಬಾಗಿಲಿನ ಆಚೆಯ ದಡ. "ಸೇತುವೆ ಇಲ್ದೆ ಲಾಂಚಿಗೆ ಕಾದು ಬೆಳೆದವಳು ನಾನು. ಸಾಲು ತಪ್ಪಿಸಿದವನನ್ನ ನೋಡಿದ್ರೆ ಈಗಲೂ ನೀರಿಗೆ ನೂಕಾಣ ಅನ್ನಿಸ್ತದೆ" ಎನ್ನುತ್ತಿದ್ದರು.

ಅಧ್ಯಕ್ಷರಾದ ಮೇಲೆ ಜನರ ದೂರುಗಳನ್ನೂ ಅವರು ಅದೇ ಸಾಲಿನಲ್ಲಿ ಕೇಳತೊಡಗಿದರು. ಯಾರ ಡಬ್ಬಿಯ ಸರದಿ ಬಂದಿತೋ ಅವರು ಯಂತ್ರದ ಪಕ್ಕದ ಬೆಂಚಿನಲ್ಲಿ ಕುಳಿತು, ಹಿಟ್ಟು ಬೀಳುವಷ್ಟು ಹೊತ್ತು ತಮ್ಮ ಬೀದಿಯ ದೀಪ, ಚರಂಡಿ, ನಲ್ಲಿಗಳ ವಿಷಯ ಹೇಳಿಕೊಳ್ಳಬಹುದು. ಅವರು ಯಂತ್ರದ ಸದ್ದಿನ ಮೇಲೆ ಕೂಗಿ ಉತ್ತರಿಸುವರು, ಅಲ್ಲಿಂದಲೇ ನೀರುಗಂಟಿಗೆ ಫೋನು ಮಾಡುವರು. ಎಷ್ಟೋ ಕೆಲಸಗಳು ಹಿಟ್ಟು ಆರುವುದರೊಳಗೆ ಆಗಿಬಿಡುತ್ತಿದ್ದವು. ಕಚೇರಿಯಲ್ಲಿ ಅವರ ಕುರ್ಚಿಗೆ ಹೊದಿಸಿದ್ದ ಬಿಳಿಯ ಟವೆಲು ಮಾತ್ರ ಹಾಕಿದ ಮೊದಲ ದಿನದಷ್ಟೇ ಶುಭ್ರವಾಗಿ ಉಳಿದಿತ್ತು.

ಇದರಿಂದಾದ ಪರಿಣಾಮವನ್ನು ಯಾರೂ ಊಹಿಸಿರಲಿಲ್ಲ. ದೂರು ಹೇಳಬೇಕೆಂದರೆ ಡಬ್ಬಿ ಬೇಕು. ಡಬ್ಬಿಯಲ್ಲಿ ಅಕ್ಕಿ ಬೇಕು. ಹೀಗೆಂದು ಅವರು ಒಮ್ಮೆಯೂ ಹೇಳಿದವರಲ್ಲ. ಜನರೇ ಹಾಗೆ ತಿಳಿದುಕೊಂಡರು. ಬೀದಿದೀಪ ಕೆಟ್ಟವರು ಅಕ್ಕಿ ತಂದರು. ಖಾತೆ ಬದಲಾವಣೆ ಆಗದವರು ಗೋಧಿ ತಂದರು. ಆ ವರ್ಷ ನಮ್ಮ ಊರು ಬೆಳಿಗ್ಗೆಯೂ ರೊಟ್ಟಿ, ಸಂಜೆಯೂ ರೊಟ್ಟಿ ತಿಂದಿತು. "ಎಂತ ಮಾರಾಯ್ತಿ, ಇವತ್ತೂ ರೊಟ್ಟಿಯಾ?" ಎಂದು ಪಕ್ಕದ ಮನೆಯ ಗಂಡಸು ರೇಗಿದ್ದನ್ನೂ, "ಮೋರಿ ಸರಿ ಆಗೋ ತಂಕ ಇದೇ. ತಿನ್ನಿ ಸುಮ್ನೆ" ಎಂದು ಆತನ ಹೆಂಡತಿ ಉತ್ತರಿಸಿದ್ದನ್ನೂ ನಾನು ಕಿಟಕಿಯಿಂದ ಕೇಳಿದ್ದೇನೆ.

ವೃತ್ತಿಪರ ವ್ಯವಸ್ಥಾಪಕರೊಬ್ಬರನ್ನು ನೇಮಿಸಿಕೊಳ್ಳುವ ಮಾತನ್ನು ಮೊದಲು ಎತ್ತಿದವರು ಔಷಧಿ ಅಂಗಡಿ ಇಟ್ಟುಕೊಂಡಿದ್ದ ಸದಸ್ಯರು. ಅವರೂ ಡಬ್ಬಿ ಹಿಡಿದೇ ಬಂದರು. ನಾನು ನನ್ನ ಡಬ್ಬಿಯ ಜೊತೆಗೆ ಬೆಂಚಿನ ತುದಿಯಲ್ಲಿದ್ದೆ.

"ಅಕ್ಕಾ, ಮೀಟಿಂಗಲ್ಲಿ ನೀವು ಮಾತಾಡೋಕೆ ಬಿಡಲ್ಲ. ಅದಕ್ಕೇ ಗೋಧಿ ತಂದಿದೀನಿ."

"ಒಳ್ಳೇದಾಯ್ತು. ಹೇಳಿ."

"ಮುಖ್ಯಾಧಿಕಾರಿಗಳಿಗೆ ಎರಡು ಊರಿನ ಚಾರ್ಜು. ಅವ್ರು ಇಲ್ಲಿದ್ರೆ ಫೈಲು ಅಲ್ಲಿರ್ತದೆ, ಫೈಲು ಇಲ್ಲಿ ಬಂದ್ರೆ ಅವ್ರು ಅಲ್ಲಿರ್ತಾರೆ. ನೀವು ನೋಡಿದ್ರೆ ಹೊತ್ತಾರೆಯಿಂದ ಹಿಟ್ಟಲ್ಲಿ. ಈ ಕೆಲಸನೇ ಓದಿದ ಒಬ್ಬ ಮ್ಯಾನೇಜರನ್ನ ಗುತ್ತಿಗೆ ಮೇಲೆ ತಗಳಣ. ನಿಮ್ಮ ಕೈಕೆಳಗೇ ಇರ್ತಾರೆ."

ಅಕ್ಕ ಯಂತ್ರವನ್ನು ನಿಲ್ಲಿಸಿದರು. ಹಿಟ್ಟು ಬೀಳುತ್ತಿರುವಾಗ ಯಂತ್ರ ನಿಲ್ಲಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ನನ್ನ ಕೈಲಿ ಆಗ್ತಿಲ್ಲ ಅಂತಲಾ?"

"ಹಂಗಲ್ಲ ಅಕ್ಕಾ..."

"ಹಂಗೇ. ವೋಟು ಹಾಕಿದ್ದು ನಂಗೆ. ನಾಳೆ ಅವ್ರು ತಪ್ಪು ಮಾಡಿದ್ರೆ ಜನ ಅವ್ರನ್ನ ಸೋಲಿಸೋಕಾಗ್ತದಾ? ಬ್ಯಾಗ್ ಹಿಡ್ಕಂಡು ಬಸ್ ಹತ್ತಿ ಹೋಗ್ತಾರೆ. ನಾನು ಇಲ್ಲೇ ಕೂತು ಬೈಸ್ಕಬೇಕು."

ನಾನು ಸುಮ್ಮನಿರಲಾರದೆ ಹೇಳಿದೆ: "ಅಕ್ಕಾ, ಯಾವ ಪೈಪು ಎಲ್ಲಿ ಹೋಗಿದೆ ಅನ್ನೋದೆಲ್ಲ ನಿಮ್ಮ ತಲೆಯಲ್ಲಿದೆ. ನಿಮ್ಮ ಅವಧಿ ಮುಗಿದ ಮೇಲೆ ಬರುವವರು ಎಂತ ಮಾಡಬೇಕು?"

"ನಿಮ್ಮ ಕ್ಲಾಸಲ್ಲಿ ನೀವು ಪಾಠ ಮಾಡೋಕೆ ಬೇರೆಯವ್ರನ್ನ ಇಟ್ಕಂಡಿದ್ರಾ ಟೀಚರೇ?"

"ಇಲ್ಲ. ಆದರೆ ಗಂಟೆ ಹೊಡೆಯುವವರು ಬೇರೆ ಇದ್ದರು, ಬೀಗ ಹಾಕುವವರು ಬೇರೆ ಇದ್ದರು. ಆದ್ದರಿಂದಲೇ ಪಾಠ ಮಾಡಲು ಸಾಧ್ಯವಾಯಿತು."

"ನಿಮ್ಮ ಹತ್ರ ಮಾತಾಡಿದ್ರೆ ಪರೀಕ್ಷೆ ಬರೆದ ಹಾಗೆ ಆಗ್ತದೆ" ಎಂದು ನಕ್ಕು ಸ್ವಿಚ್ಚು ಒತ್ತಿದರು. ಯಂತ್ರ ಗುಡುಗಿತು. ಚರ್ಚೆಯನ್ನು ಮುಗಿಸಲು ಅವರ ಕೈಯಲ್ಲಿದ್ದ ಅತ್ಯುತ್ತಮ ಸಾಧನ ಆ ಸ್ವಿಚ್ಚು. ಔಷಧಿ ಅಂಗಡಿಯ ಸದಸ್ಯರು ಬಿಸಿ ಹಿಟ್ಟಿನ ಡಬ್ಬಿಯನ್ನು ಹೊತ್ತುಕೊಂಡು ಬಂದ ದಾರಿಯಲ್ಲಿಯೇ ಹಿಂದಿರುಗಿದರು.

ಅಕ್ಕನ ಹಟದಲ್ಲಿ ಅಹಂಕಾರವಿತ್ತೆಂದು ನಾನು ಇಂದಿಗೂ ನಂಬುವುದಿಲ್ಲ. ಜನ ತನ್ನನ್ನು ನಂಬಿ ಬರುತ್ತಾರೆ. ನಡುವೆ ಇನ್ನೊಬ್ಬರನ್ನು ಕೂರಿಸಿದರೆ ಆ ನಂಬಿಕೆ ಕೈತಪ್ಪಿ ಹೋಗುತ್ತದೆ ಎಂಬ ಭಯ ಅವರಿಗಿತ್ತು. ತಾನು ಎಲ್ಲರ ಕೈಗೂ ಸಿಗುವ ಅಧ್ಯಕ್ಷೆ ಎಂಬುದೊಂದೇ ಅವರ ಹೆಮ್ಮೆ.

ಆ ಹೆಮ್ಮೆ ಕುಸಿದದ್ದು ಕೆಳಗಿನ ಬೀದಿಯಲ್ಲಿ. ಒಂದು ಮಂಗಳವಾರ, ಗಿರಣಿಗೆ ರಜೆಯ ದಿನ, ನಾವಿಬ್ಬರೂ ಅಲ್ಲಿಯ ಮನೆಯೊಂದಕ್ಕೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೆವು. ಊಟ ಮುಗಿಸಿ ಹೊರಟಾಗ ಬೀದಿಯ ಕೊನೆಯ ಮನೆಯ ಅಜ್ಜಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಎಡಗೈಯಲ್ಲಿ ಸಣ್ಣ ಕೊಡವನ್ನು ಹಿಡಿದು, ಗೋಡೆಗೆ ಒರಗಿ ಒರಗಿ ಬರುತ್ತಿದ್ದುದು ಕಂಡಿತು. ಅಕ್ಕ ಓಡಿಹೋಗಿ ಕೊಡ ಇಸಿದುಕೊಂಡರು.

"ಎಂತ ಆಯ್ತು ಅಜ್ಜಿ ಕೈಗೆ?"

"ಜಾರಿ ಬಿದ್ದೆ ಕಣವ್ವ, ನೀರು ತರೋಕೆ ಹೋಗಿ."

"ನಿಮ್ಮ ಬಾವಿ ಇದೆಯಲ್ಲ?"

"ರಸ್ತೆ ಎತ್ತರ ಮಾಡಿದ್ರಲ್ಲ, ಅವತ್ತಿಂದ ಮೋರಿ ನೀರೆಲ್ಲ ನಮ್ಮಂಗಳಕ್ಕೇ ಬತ್ತದೆ. ಬಾವೀದು ಬಾಯಿಗೆ ಹಾಕೋ ಹಂಗಿಲ್ಲ."

ರಸ್ತೆ ಎತ್ತರಿಸಿದ್ದು ಹಿಂದಿನ ಬೇಸಿಗೆಯಲ್ಲಿ. ಈಗ ಇನ್ನೊಂದು ಬೇಸಿಗೆ ಕಾಲಿಟ್ಟಿತ್ತು. ಅಕ್ಕನ ಧ್ವನಿ ಏರಿತು.

"ಮತ್ತೆ ಎಂತಕ್ಕೆ ನಂಗೆ ಹೇಳ್ಲಿಲ್ಲ? ನಾನೇನು ಸತ್ತು ಹೋಗಿದ್ನಾ? ದಿನಾ ಗಿರಣೀಲೇ ಇರ್ತೀನಲ್ಲ!"

ಅಜ್ಜಿ ಅವರ ಮುಖವನ್ನು ಅಚ್ಚರಿಯಿಂದ ನೋಡಿದರು. ಅನಂತರ ಮಗುವಿಗೆ ತಿಳಿಹೇಳುವವರ ಹಾಗೆ ಹೇಳಿದರು: "ನಂಗೆ ಹಲ್ಲಿಲ್ಲ ತಾಯಿ. ನಾನು ಗಂಜಿ ಉಣ್ಣೋಳು. ಗಂಜಿ ಉಣ್ಣೋಳಿಗೆ ಹಿಟ್ಟು ಎಂತಕ್ಕೆ? ಹಿಟ್ಟಿನ ಕೆಲಸ ಇಲ್ದೆ ನಿನ್ನ ಹತ್ರ ಬರಿಗೈಲಿ ಹೆಂಗೆ ಬರ್ಲಿ?"

ಅಕ್ಕ ಕೊಡವನ್ನು ಒಳಗಿಟ್ಟರು, ಮತ್ತೆ ಹೋಗಿ ಹಂಡೆ ತುಂಬುವವರೆಗೂ ನೀರು ಹೊತ್ತರು. ರೇಷ್ಮೆ ಸೀರೆಯ ಸೆರಗು ಒದ್ದೆಯಾದುದು ಅವರ ಗಮನಕ್ಕೆ ಬರಲೇ ಇಲ್ಲ. ಏರು ಹತ್ತಿ ಮನೆಯ ಕಡೆ ಬರುವಾಗ ಬಸ್ ನಿಲ್ದಾಣದ ಹತ್ತಿರ ನಿಂತು ಕೇಳಿದರು:

"ಅಲ್ಲ ಟೀಚರೇ, ನಾನು ಸಾಲು ಸರಿಯಾಗೇ ಇಟ್ಟಿದ್ದೆ, ಅಲ್ವಾ?"

"ಸರಿಯಾಗಿಯೇ ಇಟ್ಟಿದ್ದಿರಿ."

"ಯಾರನ್ನೂ ಹಿಂದೆ ಹಾಕ್ಲಿಲ್ಲ."

"ಇಲ್ಲ."

"ಸಾಲಿಗೇ ಬರದಿದ್ದವ್ರು ನಂಗೆ ಕಾಣ್ಲೇ ಇಲ್ಲ ನೋಡಿ."

ಅಲ್ಲಿಂದ ನೇರವಾಗಿ ಔಷಧಿ ಅಂಗಡಿಗೆ ಹೋದರು. ಕಟ್ಟೆಗೆ ಕೈಯೂರಿ, "ಎಲ್ಲಿ ನಿಮ್ಮ ಮ್ಯಾನೇಜರು? ಕರೆಸಿ" ಎಂದರು. ಆ ಸದಸ್ಯರು ಗಾಬರಿಯಿಂದ ಎದ್ದು ನಿಂತು, ಯಾರದೋ ಗುಳಿಗೆಯನ್ನು ಯಾರಿಗೋ ಕೊಟ್ಟು, ಮತ್ತೆ ಕೂಗಿ ಕರೆದು ಇಸಿದುಕೊಂಡರು.

ಸಭೆಯ ಮುಂದಿಡುವ ನಿರ್ಣಯದ ಕರಡನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಅವರ ಷರತ್ತು ಒಂದೇ: "ಕೆಲಸ ಅವ್ರು ಮಾಡ್ಲಿ, ಬೈಸ್ಕಳೋದು ಮಾತ್ರ ನಾನೇ ಅಂತ ಬರೀರಿ." ನಿರ್ಣಯದಲ್ಲಿ 'ಬೈಸಿಕೊಳ್ಳುವುದು' ಎಂದು ಬರೆಯಲಾಗದೆಂದು ತಿಳಿಸಿ, 'ಸಾರ್ವಜನಿಕರಿಗೆ ಉತ್ತರ ಹೇಳುವ ಹೊಣೆಯು ಅಧ್ಯಕ್ಷರದ್ದೇ ಆಗಿರತಕ್ಕದ್ದು' ಎಂದು ಬರೆದೆ. ಅವರು ಅದನ್ನು ಕನ್ನಡಕ ಸರಿಪಡಿಸಿಕೊಂಡು ಓದಿ, "ಬೈಸ್ಕಳೋದೇ ಚಂದ ಇತ್ತು" ಎಂದರು. ಈಗ ಯೋಚಿಸಿದರೆ ನನಗೂ ಹಾಗೆಯೇ ಅನ್ನಿಸುತ್ತದೆ.

ಮೇಲಿನಿಂದ ಒಪ್ಪಿಗೆ ಬಂದು ಮ್ಯಾನೇಜರು ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಬಯಲುಸೀಮೆಯವರು, ನಲವತ್ತರ ಆಸುಪಾಸು, ದೊಡ್ಡ ಊರಿನ ನಗರಾಡಳಿತದಲ್ಲಿ ಪಳಗಿದವರು. ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಮೊದಲ ದಿನ ಗಿರಣಿಯ ಬೆಂಚಿನ ಮೇಲೆ ಕುಳಿತು ಎಡೆಬಿಡದೆ ಸೀನಿದರು. "ಅಭ್ಯಾಸ ಆಗ್ತದೆ ಸಾರ್. ಮೊದಲು ಕೆಳಗಿನ ಬೀದಿ ನೋಡ್ಕಂಡು ಬರಣ ಬನ್ನಿ" ಎಂದು ಅಕ್ಕ ಅವರನ್ನು ಎಬ್ಬಿಸಿಕೊಂಡು ಹೋದರು. ಮ್ಯಾನೇಜರು ಅಜ್ಜಿಯ ಅಂಗಳದಲ್ಲಿ ನಿಂತು ಇಳಿಜಾರನ್ನು ಅಳತೆ ಮಾಡಿಸಿದರು. ರಸ್ತೆಯಡಿಯಲ್ಲಿ ಕೊಳವೆ ಹಾಯಿಸಿ ಮೋರಿಯನ್ನು ಆಚೆಯ ಹಳ್ಳಕ್ಕೆ ತಿರುಗಿಸಿದರು. ಬಾವಿಯ ನೀರನ್ನೆಲ್ಲ ಹೊರಹಾಕಿಸಿ ತೊಳೆಸಿದರು. ಕಚೇರಿಯಲ್ಲಿ ಒಂದು ಕಿಟಕಿ ತೆರೆಯಿತು; ಅಲ್ಲಿಗೆ ಯಾರು ಬೇಕಾದರೂ ಬರಿಗೈಯಲ್ಲಿ ಹೋಗಬಹುದಿತ್ತು.

ಊರಿನವರಿಗೆ ಇದು ಒಮ್ಮೆಲೇ ಹಿಡಿಸಿತೆಂದು ಹೇಳಲಾರೆ. "ಅಕ್ಕನ ಹತ್ರ ಆದ್ರೆ ಹಿಟ್ಟೂ ಆಗ್ತಿತ್ತು, ನಾಲ್ಕು ಮಾತೂ ಆಗ್ತಿತ್ತು. ಇಲ್ಲಿ ಬರೀ ಕೆಲಸ ಆಗ್ತದೆ ಅಷ್ಟೇ" ಎಂದು ಒಬ್ಬರು ನನ್ನೆದುರಿಗೆ ದೂರಿದ್ದರು. ಗಿರಣಿಯ ಸಾಲು ಗಿಡ್ಡದಾಯಿತು. ಖಾಲಿ ಜಗುಲಿಯನ್ನು ಅಕ್ಕ ಕೆಲವೊಮ್ಮೆ ಸುಮ್ಮನೆ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಆದರೆ ಪ್ರತಿ ಮಂಗಳವಾರ ಮ್ಯಾನೇಜರನ್ನು ಕರೆದುಕೊಂಡು ಒಂದೊಂದು ಬೀದಿಗೆ ಹೊರಡುವುದನ್ನು ತಪ್ಪಿಸಲಿಲ್ಲ. "ಕಿಟಕಿಗೆ ಬಂದವ್ರನ್ನ ನೀವು ನೋಡ್ಕಳಿ ಸಾರ್. ಕಿಟಕಿಗೂ ಬರದವ್ರು ಇರ್ತಾರೆ" ಎನ್ನುತ್ತಿದ್ದರು. ಆ ಬೀದಿಗಳಲ್ಲಿ ಬೈಗುಳಗಳು ಬಂದಾಗ ಮಾತ್ರ ಮ್ಯಾನೇಜರನ್ನು ಹಿಂದಕ್ಕೆ ಸರಿಸಿ ತಾವು ಮುಂದೆ ನಿಲ್ಲುತ್ತಿದ್ದರು.

ಅವಧಿ ಮುಗಿಯಿತು. ಬೇರೆ ಅಧ್ಯಕ್ಷರು ಬಂದರು, ಮ್ಯಾನೇಜರು ಉಳಿದರು. ಒಂದು ಬೆಳಿಗ್ಗೆ ಗಿರಣಿಯ ಸಾಲಿನಲ್ಲಿ ಹೊಸದೊಂದು ಸ್ಟೀಲು ಡಬ್ಬಿ ಕಾಣಿಸಿತು. ಮ್ಯಾನೇಜರದು. ಸರದಿ ಬಂದಾಗಲೆಲ್ಲ ಬೆಂಚಿನ ಮೇಲೆ ಕುಳಿತು, "ಅಕ್ಕಾ, ಮೇಲಿನ ಬೀದಿಯೋರು ಹೊಸಾ ಪೈಪ್ ಬ್ಯಾಡ ಅಂತಾರಲ್ರೀ, ಯಾಕಂತೀರಿ?" ಎಂದು ಕೇಳುತ್ತಿದ್ದರು. ಅಕ್ಕ ಕಾರಣ ಹೇಳುತ್ತಿದ್ದರು; ಅದರಲ್ಲಿ ಅರ್ಧ ಹಳೆಯ ಜಗಳಗಳ ಚರಿತ್ರೆ. ಹೋಟೆಲಿನಲ್ಲಿ ಉಣ್ಣುವವರಿಗೆ ಅಕ್ಕಿಹಿಟ್ಟು ಏಕೆಂದು ಅಕ್ಕನೂ ಕೇಳಲಿಲ್ಲ, ಮ್ಯಾನೇಜರೂ ಹೇಳಲಿಲ್ಲ. ಆ ಹಿಟ್ಟು ವಾರವಾರವೂ ನನ್ನ ಅಡುಗೆಮನೆಗೆ ಬರುತ್ತಿತ್ತು. ರೊಟ್ಟಿ ತಿಂದವಳು ನಾನು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಗಿರಣಿಯ ಬಾಗಿಲು ತೆರೆಯಲಿಲ್ಲ. ಅಕ್ಕ ನಿದ್ದೆಯಲ್ಲಿಯೇ ಹೋಗಿಬಿಟ್ಟಿದ್ದರು. ಮದುವೆಯಾಗಿ ಸಾಗರದಲ್ಲಿದ್ದ ಮಗಳು ಬರುವವರೆಗೆ ಅವರನ್ನು ಗಿರಣಿಯ ಒಳಗೆ, ಯಂತ್ರದ ಪಕ್ಕದಲ್ಲಿಯೇ ಮಲಗಿಸಿದೆವು. ಮುಖ ತೊಳೆದಿತ್ತು, ಹುಬ್ಬುಗಳು ಕಪ್ಪಾಗಿದ್ದವು. ಹಿಟ್ಟಿಲ್ಲದ ಆ ಮುಖ ಬಂದವರಲ್ಲಿ ಎಷ್ಟೋ ಮಂದಿಗೆ ಅಪರಿಚಿತವೆನಿಸಿತು.

ಕೆಳಗಿನ ಬೀದಿಯ ಅಜ್ಜಿ ಕೋಲೂರಿಕೊಂಡು ಬಂದು ತಲೆಯ ಬಳಿ ಕುಳಿತರು. "ಇವತ್ತೂ ಬರಿಗೈಲೇ ಬಂದೆ ಕಣವ್ವ" ಎಂದು ಅವರ ಕೆನ್ನೆಯನ್ನು ಮುಟ್ಟಿದರು.

ಹೊರಗೆ ಜಗುಲಿಯ ಮೇಲೆ, ವಿಷಯ ತಿಳಿಯುವ ಮೊದಲೇ ಜನ ಇಟ್ಟುಹೋಗಿದ್ದ ಡಬ್ಬಿಗಳು ಸಾಲಾಗಿದ್ದವು. ಅಕ್ಕನನ್ನು ಕಳಿಸಿಕೊಟ್ಟು ಬಂದ ಮೇಲೂ ಯಾರೂ ತಮ್ಮ ಡಬ್ಬಿಯನ್ನು ಎತ್ತಿಕೊಳ್ಳಲಿಲ್ಲ. ಮುಂದಿನವರು ಎತ್ತದೆ ಹಿಂದಿನವರು ಎತ್ತುವುದು ಆ ಜಗುಲಿಯ ಕ್ರಮವಾಗಿರಲಿಲ್ಲ. ಎಲ್ಲಕ್ಕೂ ಮುಂದಿದ್ದುದು ಸ್ಟೀಲು ಡಬ್ಬಿ. ಮ್ಯಾನೇಜರು ಬಹಳ ಹೊತ್ತು ಅದರ ಮುಂದೆ ನಿಂತಿದ್ದು, ಕೊನೆಗೆ ಎತ್ತಿ ನನ್ನ ಕೈಗೆ ಕೊಟ್ಟರು. ಆಮೇಲೆ ಒಬ್ಬೊಬ್ಬರಾಗಿ, ಸಾಲು ತಪ್ಪದೆ, ಉಳಿದವರು ಎತ್ತಿಕೊಂಡರು.

ಆ ಅಕ್ಕಿಯನ್ನು ನಾನು ಬೇರೆ ಗಿರಣಿಗೆ ಒಯ್ಯಲಿಲ್ಲ. ಮರುದಿನ ಅದನ್ನು ಗಂಜಿ ಮಾಡಿ, ಬಿಸಿ ಆರುವ ಮೊದಲು ಕೆಳಗಿನ ಬೀದಿಗೆ ತೆಗೆದುಕೊಂಡು ಹೋದೆ.