ಬಿಸಿಲಲ್ಲಿ ಕೆಂಪಾದ ಬಾಟಲಿ

ನಿನ್ನೆ ಶಿವಾಜಿನಗರದಲ್ಲಿ ಗೆಳೆಯ ಸಲೀಮ ಗುಲಾಬಿ ಶರಬತ್ತಿನ ಲೋಟವನ್ನು ಬಿಸಿಲಿಗೆ ಹಿಡಿದ. ಆ ಕೆಂಪು ಕಂಡಿದ್ದೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಶರಬತ್ತಿಗೆ ಹೆದರುವವನೂ ಇದ್ದಾನಾ ಎಂದು ನಗಬೇಡಿ, ಕೇಳಿ.

ನಾನೂ ಅಕ್ಕ ರೇಣುಕಾನೂ ರಾಯಚೂರು ಕಡೆಯವರು. ಕಗ್ಗದಾಸಪುರದಲ್ಲಿ ಒಂದೇ ರೂಮು. ಎರಡು ವರ್ಷದ ಹಿಂದೆ ಶ್ರಾವಣದ ಉಪವಾಸ ಹಿಡಿದ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನಿನಲ್ಲಿ ಏನೂ ಇಲ್ಲ. ಮನೆ ಓನರಮ್ಮ, "ಕೆಲ್ಸಕ್ ಹೋಗೋಕ್ ಸೋಂಬೇರಿತನ, ನಾಟಕ ಅಷ್ಟೇ" ಅಂದಳು. ಆಮೇಲೆ ಫಿಟ್ಸ್ ಬಂತು. ಕ್ಲಿನಿಕ್ಕಿನಲ್ಲಿ ಫಿನೋಬಾರ್ಬಿಟೋನ್ ಎಂಬ ಮಾತ್ರೆ ಬರೆದರು. ನುಂಗಿದರೆ ನಿದ್ದೆ, ಎದ್ದರೆ ನೋವು ದುಪ್ಪಟ್ಟು. "ತಮ್ಮಾ, ಕಾಲು ನಂದಲ್ಲ ಅನ್ನಿಸಾಕತ್ತದ" ಎಂದಳು. ನಾನು ಗೋಡೆಗೆ ಗುದ್ದಿದೆ. ನನಗೆ ಬರುವುದು ಅಷ್ಟೇ.

ಬೆನ್ಸನ್ ಟೌನಿನ ಡಾಕ್ಟರಮ್ಮ ಒಬ್ಬರು ಮೂತ್ರ ತರಲು ಹೇಳಿದರು. ಸಲೀಮನ ಸ್ಕೂಟರಿನ ಕೊಕ್ಕೆಗೆ ಬಾಟಲಿ ತಗುಲಿಸಿ ಹೊರಟೆವು. ಹಲಸೂರಿನಲ್ಲಿ ಪಂಕ್ಚರ್. ಚುರುಗುಟ್ಟುವ ಬಿಸಿಲು. ಟೈರು ಸರಿಯಾಗುವಷ್ಟರಲ್ಲಿ ಹಳದಿಯಿದ್ದದ್ದು ಕಡುಗೆಂಪು!

"ಏ ಮಗಾ, ಇದ್ರಲ್ಲಿ ಶರಬತ್ ಯಾರ್ ತುಂಬಿದ್ರು?" ಎಂದ ಸಲೀಮ.

"ಕೆಟ್ಟೋಯ್ತು ಗುರು. ಬಿಸಾಕು, ಬೇರೆ ತರೋಣ" ಎಂದೆ.

"ತೋರ್ಸಾದ್ರೂ ತೋರ್ಸು, ಬಾರೋ."

ಡಾಕ್ಟರಮ್ಮ ಬಾಟಲಿ ನೋಡಿ, ದಾರಿಯಲ್ಲಿ ಆದದ್ದು ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಬಿಸಿಲಲ್ಲಿ ಕೆಂಪಾಯ್ತಾ? ಯಾವ ಮಾತ್ರೆ ಕೊಡ್ತಿದ್ದೀರಿ?" ಚೀಟಿ ಕೊಟ್ಟೆ. "ಪಾರ್ಫೀರಿಯಾ ಇರ್ಬೇಕು ರೀ! ರಕ್ತದ ಕೆಂಪು ತಯಾರಾಗೋ ದಾರೀಲೇ ತೊಡಕು. ಅರ್ಧಂಬರ್ಧ ಆಗಿದ್ದು ಮೈಯಲ್ಲಿ ವಿಷದ ಥರ ಸೇರ್ಕೊಳತ್ತೆ. ಈ ಮಾತ್ರೆ ಅದನ್ನ ಇನ್ನೂ ಜಾಸ್ತಿ ಮಾಡತ್ತೆ. ಬೆಂಕಿಗೆ ಪೆಟ್ರೋಲು! ಮಧ್ಯಾಹ್ನದ್ದು ನುಂಗಿದ್ರಾ?"

ಫೋನ್ ಮಾಡಿದೆ. "ಕೈಯಾಗ ಹಿಡ್ಕೊಂಡೀನಿ, ನೀರು ತಗೊಳಾಕತ್ತಿದ್ದೆ" ಎಂದಳು ಅಕ್ಕ.

"ಮಾತ್ರೆ ಎಸಿ!" ಎಂದು ಕಿರುಚಿದೆ. ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ಎದ್ದು ನಿಂತರು.

ಅವತ್ತೇ ದೊಡ್ಡಾಸ್ಪತ್ರೆ. ಫಿಟ್ಸಿಗೆ ಬೇರೆ ಔಷಧಿ, ನರಕ್ಕೆ ಗ್ಲೂಕೋಸು. ಪರೀಕ್ಷೆಯೂ ಅದೇ ಕಾಯಿಲೆ ಎಂದಿತು. ಕಾಲಿಗೆ ಶಕ್ತಿ ಬರಲು ತಿಂಗಳುಗಟ್ಟಲೆ ಹಿಡಿಯಿತು, ಬಂತು. ಉಪವಾಸ ಮಾತ್ರ ಇನ್ನು ಮಾಡುವಂತಿಲ್ಲ. ಹೊಟ್ಟೆ ಖಾಲಿ ಬಿಟ್ಟರೂ ಆ ಬೆಂಕಿ ಕೆರಳುತ್ತದಂತೆ.

ನಿನ್ನೆ ರಂಜಾನಿನ ಉಪವಾಸದಲ್ಲಿದ್ದ ಸಲೀಮ, ಸಂಜೆಗೆಂದು ಕಲಸಿದ್ದ ಶರಬತ್ತಿನ ಮೊದಲ ಲೋಟವನ್ನು ನನ್ನ ಜೊತೆ ಬಂದಿದ್ದ ಅಕ್ಕನಿಗೇ ಚಾಚಿದ.

"ನೀ ಬಾಯಿ ಕಟ್ಟಿ ಕುಂತೀದಿ, ನಾ ಹ್ಯಾಂಗ ಕುಡೀಲೋ?"

"ನನ್ ರೋಜಾ ಉಪವಾಸ ನಂಗೆ ಅಕ್ಕ. ನಿಮ್ಗೆ ಡಾಕ್ಟರಮ್ಮನ ಆರ್ಡರ್, ಕುಡೀರಿ."

ತನ್ನೆರಡು ಕಾಲ ಮೇಲೆ ನಿಂತೇ ಗಟಗಟ ಕುಡಿದಳು. ಎರಡು ವರ್ಷದಿಂದ ಆ ಬಣ್ಣ ಮುಟ್ಟದ ನಾನೂ ಒಂದು ಲೋಟ ಕಿತ್ತುಕೊಂಡೆ.