ಭೂಪತಿಯ ಅಳತೆ ಕೋಲು

ಕೋಯಮತ್ತೂರಿನ ಹತ್ತಿರದ ಕಿಣತ್ತುಕಡವಿನ ಭೂಪತಿಯ ಮುಂದೆ ರೈಲಿನ ಮಾತು ಎತ್ತಬಾರದು. ಎತ್ತಿದಿರೋ, ಆವತ್ತಿನ ಊಟ ತಣ್ಣಗಾದಂತೆಯೇ. ಪೋತನೂರಿನಿಂದ ಪೊಳ್ಳಾಚಿಗೆ ಹೋಗುತ್ತಿದ್ದ ಮೀಟರ್ ಗೇಜ್ ಹಳಿಯ ಮೇಲೆ ಮೂವತ್ತನಾಲ್ಕು ವರ್ಷ ಕೀಮ್ಯಾನ್ ಆಗಿದ್ದವನು ಅವನು. ದಿನ ಬೆಳಗಾದರೆ ಸುತ್ತಿಗೆ ಹೆಗಲಿಗೇರಿಸಿ ಹಳಿಯಗುಂಟ ನಡೆಯುವುದು, ಸಡಿಲಾದ ಬೆಣೆಗಳನ್ನು ಬಡಿದು ಕೂರಿಸುವುದು, ಅನುಮಾನ ಬಂದಲ್ಲಿ ಅಳತೆ ಕೋಲು ಹಾಕಿ ಎರಡು ಹಳಿಗಳ ನಡುವಿನ ಅಗಲ ನೋಡುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಯಾರು ಜಪ್ಪಯ್ಯ ಅಂದರೂ ಅವನು ಒಪ್ಪುತ್ತಿರಲಿಲ್ಲ.

ಅವನ ಮಾತಲ್ಲಿ ಬರುವುದು ಎರಡೇ ರೈಲು. ಒಂದು ಅವನದು, ಇನ್ನೊಂದು ಮೆಟ್ಟುಪಾಳ್ಯದಿಂದ ಊಟಿಗೆ ಹತ್ತುವುದು. ಇಬ್ಬರೂ ಅಕ್ಕತಂಗಿಯರು ಅನ್ನುತ್ತಿದ್ದ. ಹಾಸಿದವರು ಅದೇ ಬಿಳಿಯರು, ಅಗಲವೂ ಅದೇ ಒಂದು ಮೀಟರ್. ಒಬ್ಬಳು ತೆಂಗಿನ ತೋಟಗಳ ನಡುವೆ ಹಾಲಿನ ಕ್ಯಾನು, ಬೆಲ್ಲದ ಮೂಟೆ, ಶಾಲೆ ಮಕ್ಕಳನ್ನು ಹೊತ್ತು ಓಡಿದಳು. ಇನ್ನೊಬ್ಬಳು ಕಲ್ಲಾರು ದಾಟಿದ ಮೇಲೆ ನಡುವಿನ ಹಲ್ಲಿನ ಹಳಿಯನ್ನು ಕಚ್ಚಿಕೊಂಡು ಬೆಟ್ಟ ಹತ್ತಿದಳು. ಐಪ್ಪಸಿ ತಿಂಗಳ ಮಳೆಗೆ ಬೆಟ್ಟ ಜರಿದಾಗ ಭೂಪತಿಯ ಹಳಿ ಕೆಲಸದ ಗ್ಯಾಂಗೂ ಅಲ್ಲಿಗೆ ಹೋಗಿ ಮಣ್ಣು ಎತ್ತಿದೆ. ಬೆಟ್ಟದವಳನ್ನು ಲೋಕವೇ ಹೊಗಳಿ ಉಳಿಸಿಕೊಂಡಿತು. ಬಯಲಿನವಳನ್ನು ಕಿತ್ತು ಬ್ರಾಡ್ ಗೇಜ್ ಹಾಕಿದರು. ಹಾಕಬೇಕಾದದ್ದೇ, ಜನಕ್ಕೆ ಒಳ್ಳೆಯದೇ ಆಯಿತು ಅನ್ನುತ್ತಾನೆ ಭೂಪತಿ.

ಅವನ ಮನೆಯಲ್ಲಿ ಬಾಗಿಲ ಹಿಂದೆ ಒಂದು ಮರದ ಕೋಲಿತ್ತು. ಅವನ ಅಪ್ಪನೂ ಗ್ಯಾಂಗಿನವನೇ, ಅವನ ಕಾಲದ ಅಳತೆ ಕೋಲು ಅದು. ಎರಡು ತುದಿಗಳಿಂದ ಸ್ವಲ್ಪ ಒಳಗೆ ಒಂದೊಂದು ಕಬ್ಬಿಣದ ಹಲ್ಲು. ಕೆಲಸಕ್ಕೆ ಕಬ್ಬಿಣದ ಕೋಲು ಬಂದ ಮೇಲೆ ಇದು ಆಯುಧಪೂಜೆಗೆ ಮಾತ್ರ ಹೊರಬರುತ್ತಿತ್ತು. ಗ್ಯಾಂಗಿನ ಮನೆಗಳಲ್ಲಿ ಆವತ್ತು ಒಂದು ಪದ್ಧತಿ: ಗಂಧ ಹಚ್ಚಿದ ಕೋಲನ್ನು ಗೋಡೆಗೆ ನಿಲ್ಲಿಸಿ, ಪಕ್ಕದಲ್ಲಿ ಮಗುವನ್ನು ನಿಲ್ಲಿಸುವುದು. ಹಳಿಯ ಅಗಲದಷ್ಟು ಎತ್ತರಕ್ಕೆ ಬೆಳೆದ ಮಗುವನ್ನು ಅಪ್ಪ ತನ್ನ ರೈಲ್ವೆ ಪಾಸಿನಲ್ಲಿ ಬೆಟ್ಟದ ರೈಲು ಹತ್ತಿಸಬೇಕು.

ಸಾಂತಿ ಅವನ ಮೊದಲ ಮಗು. ಒಂದು ವರ್ಷ ಆಯುಧಪೂಜೆಯ ದಿನ ಹೊಸ ಲಂಗ ಹಾಕಿಕೊಂಡು, ಉಸಿರು ಬಿಗಿಹಿಡಿದು ಕೋಲಿನ ಪಕ್ಕ ನಿಂತಿತು. ತುದಿಗಾಲಲ್ಲಿ ನಿಂತದ್ದನ್ನು ಕಂಡು ಭೂಪತಿ ಬಗ್ಗಿ ಅದರ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದ. ಕೋಲಿನ ತುದಿಗೆ ಎರಡು ಬೆರಳು ಕಮ್ಮಿ. ಜೇಬಲ್ಲಿ ಪಾಸು ಇತ್ತು. ಎರಡು ಬೆರಳು ತಾನೆ, ಕರೆದುಕೊಂಡು ಹೋಗಿ ಎಂದು ಹೆಂಡತಿ ಸೆಲ್ಲಮ್ಮ ಗೋಗರೆದಳು. ಇವನೋ ಹಟಮಾರಿ. ಅಳತೆ ಅಂದರೆ ಅಳತೆ, ಬರುವ ವರ್ಷ ಹೋದರಾಯಿತು ಅಂದುಬಿಟ್ಟ. ಸೆಲ್ಲಮ್ಮ ಸಿಟ್ಟಿಗೆ ಈಳಿಗೆ ತಂದು ಮಗುವಿನ ತಲೆಯ ಮಟ್ಟಕ್ಕೆ ಕೋಲಿನ ಮೇಲೆ ಒಂದು ಗೀರು ಹಾಕಿದಳು.

ಬರುವ ವರ್ಷ ಬಂತು, ಸಾಂತಿ ಇರಲಿಲ್ಲ. ಮಾರ್ಗಳಿ ತಿಂಗಳಲ್ಲಿ ಜ್ವರ ತಲೆಗೇರಿತು, ಕೋಯಮತ್ತೂರಿನ ಆಸ್ಪತ್ರೆಯಲ್ಲಿ ಮೂರೇ ದಿನ. ಅದನ್ನು ಬಿಡಿಸಿ ಹೇಳುವುದು ಬೇಡ. ಎತ್ತರ ಇರಲಿಲ್ಲ, ಇದ್ದಿದ್ದರೆ ಕರೆದುಕೊಂಡು ಹೋಗುತ್ತಿದ್ದೆ: ಈ ಒಂದು ಮಾತನ್ನು ಹಿಡಿದುಕೊಂಡೇ ಭೂಪತಿ ನಲವತ್ತೊಂದು ವರ್ಷ ಬದುಕಿದ. ಆಮೇಲೆ ಮಗ ಹುಟ್ಟಿದ, ಬೆಳೆದ. ಅವನನ್ನು ಯಾರೂ ಕೋಲಿನ ಪಕ್ಕ ನಿಲ್ಲಿಸಲಿಲ್ಲ. ಮನೆಯವರು ಯಾರೂ ಬೆಟ್ಟದ ರೈಲು ಹತ್ತಲೂ ಇಲ್ಲ.

ಈ ವರ್ಷ ಮೊಮ್ಮಗಳು ಇಲಕ್ಕಿಯಾ ಒಂದು ಸುದ್ದಿ ತಂದಳು. ಮೆಟ್ಟುಪಾಳ್ಯದಲ್ಲಿ ಹಳೆಯ ರೈಲಿನ ಸಾಮಾನುಗಳನ್ನು ಜೋಡಿಸಿಡುತ್ತಿದ್ದಾರಂತೆ, ತಾತನ ಕೋಲನ್ನೂ ಕೊಡಬಹುದಂತೆ. ಹೇಗೂ ಹೋಗುತ್ತೇವಲ್ಲ ಎಂದು ತಾತ, ಅಜ್ಜಿ, ತನಗೆ ಅಂತ ಊಟಿಗೆ ಮೂರು ಟಿಕೆಟನ್ನೂ ಮಾಡಿಸಿದ್ದಳು. ಭೂಪತಿ ಎರಡು ದಿನ ಯೋಚಿಸಿ ಹೂಂ ಅಂದ. ಕೊಡುವ ಮೊದಲು ಒಂದು ಸಲ ಕೋಲನ್ನು ಅದರ ಹಳಿಯ ಮೇಲೆ ಇಟ್ಟು ನೋಡಬೇಕು, ಅಷ್ಟೇ ಅವನ ಆಸೆ. ಸುತ್ತಮುತ್ತ ಅದು ಕೂರುವ ಹಳಿ ಇನ್ನೆಲ್ಲೂ ಉಳಿದಿರಲಿಲ್ಲ.

ಹೊರಟ ದಿನ ಬೆಳಿಗ್ಗೆ ಮೆಟ್ಟುಪಾಳ್ಯದ ಸ್ಟೇಷನ್ನಿನಲ್ಲಿ ಸೆಂದಿಲ್ ಕುಮಾರ್ ಎಂಬ ನೌಕರ, ಬಲು ಮರ್ಯಾದೆಯ ಹುಡುಗ, ಗಾಡಿಯಿಲ್ಲದ ಪಕ್ಕದ ಹಳಿಗೆ ಕರೆದುಕೊಂಡು ಹೋದ. ಭೂಪತಿ ಮಂಡಿಯೂರಿ ಕೋಲನ್ನು ಅಡ್ಡ ಇಟ್ಟ. ಎರಡು ಕಬ್ಬಿಣದ ಹಲ್ಲುಗಳೂ ಹಳಿಗಳ ಒಳಬದಿಗೆ ಟಕ್ಕೆಂದು ಕೂತವು. ಅವನ ಮುಖ ಅರಳಿತು. ಅರಳಿದ್ದು ಅಲ್ಲೇ ನಿಂತಿತು.

ಕೋಲಿನ ತುದಿಗಳು ಎರಡು ಕಡೆಯೂ ಹಳಿಯ ಮೇಲೆ ಮೂರು ಮೂರು ಬೆರಳು ಚಾಚಿಕೊಂಡಿದ್ದವು. ಚಾಚಲೇಬೇಕು, ಇಲ್ಲದಿದ್ದರೆ ಕೋಲು ಹಳಿಯ ಮೇಲೆ ನಿಲ್ಲುವುದು ಹೇಗೆ? ಅಗಲ ಅನ್ನುವುದು ಹಲ್ಲಿನಿಂದ ಹಲ್ಲಿಗೆ. ಅವನು ಮಗುವನ್ನು ಅಳೆದದ್ದು ತುದಿಯಿಂದ ತುದಿಗೆ. ಈಳಿಗೆಯ ಗೀರು ಹಲ್ಲನ್ನು ದಾಟಿ ಹಳಿಯ ಮೇಲೆಯೇ ಕೂತಿತ್ತು. ಸಾವಿರಾರು ಸಲ ಕಬ್ಬಿಣದ ಕೋಲು ಹಾಕಿದ ಕೈ ಅವನದು, ಮನೆಯ ಗೋಡೆಗೆ ನಿಲ್ಲಿಸಿದ ಕೋಲಿನಲ್ಲಿ ಇಷ್ಟು ಹೊಳೆಯಲಿಲ್ಲ. ಅವನು ಗೀರಿನ ಮೇಲೆ ಬೆರಳಿಟ್ಟ.

"ಸೆಲ್ಲಮ್ಮ, ಮಗು ಆವತ್ತೇ ಬೆಳ್ದಿತ್ತು ಕಣೇ," ಅಂದ.

ಸೆಲ್ಲಮ್ಮ ಪಕ್ಕದಲ್ಲಿ ಕೂತು ಅವನ ಹೆಗಲು ಹಿಡಿದಳು. "ನಂಗೆ ಗೊತ್ತು ಕಣ್ರೀ," ಅಂದಳು. "ಮಗು ತೀರ್ಕೊಂಡ ವರ್ಷಾನೇ ಗೊತ್ತಾಯ್ತು. ನೀವು ಹಳಿ ಮೇಲೆ ಕೋಲು ಹಾಕೋದನ್ನ ಬುತ್ತಿ ತರುವಾಗ ನೋಡ್ದೆ. ಅನುಮಾನ ಬಂತು. ಮಾರನೇ ದಿನ ಈ ಕೋಲನ್ನೇ ಸೀರೇಲಿ ಸುತ್ಕೊಂಡ್ ಬಂದು ಹಾಕಿ ನೋಡ್ದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಮೇಲೆ ನೀವು ಹಳಿ ಮೇಲೆ ನಡೀತಿದ್ರಾ? ರೈಲು ಬಂದಾಗ ಪಕ್ಕಕ್ಕೆ ಸರೀತಿದ್ರಾ?"

ನಲವತ್ತೊಂದು ವರ್ಷ ಇವಳು ಅದನ್ನು ಒಬ್ಬಳೇ ನುಂಗಿಕೊಂಡಿದ್ದಳು. ಅವನು ಎಷ್ಟು ಸಲ ಅವಳ ಮುಂದೆಯೇ ಎತ್ತರ ಇರಲಿಲ್ಲ ಎಂದು ಹೇಳಿದ್ದನೋ, ಅಷ್ಟು ಸಲವೂ ಅವಳು ಹೌದು ಅಂದಿದ್ದಳು. ಅವನು ಹಳಿಯ ಮೇಲೆ ಹಣೆ ಇಟ್ಟು ಅತ್ತ.

ಬೆಟ್ಟದ ಗಾಡಿ ಕೂಗಿತು. ಸೆಂದಿಲ್ ಕುಮಾರ್ ಕೋಲನ್ನು ತೆಗೆದುಕೊಳ್ಳಲು ಕೈ ಚಾಚಿದ. ಭೂಪತಿ ಕೊಡಲಿಲ್ಲ. ವಾಪಸು ಬಂದ ಮೇಲೆ ಕೊಡುತ್ತೇನೆ ಎಂದು ಹೇಳಿ, ಕಣ್ಣೊರೆಸಿಕೊಂಡು, ಕೋಲನ್ನು ಎತ್ತಿಕೊಂಡು ಡಬ್ಬಿ ಹತ್ತಿದ. ಕಿಟಕಿಯ ಪಕ್ಕದ ಸೀಟನ್ನು ಇಲಕ್ಕಿಯಾ ತಾತನಿಗೆಂದು ಬಿಟ್ಟಿದ್ದಳು. ಅವನು ಅಲ್ಲಿ ಕೂರಲಿಲ್ಲ.

"ಗೀರು ಮೇಲಕ್ಕೆ ಬರೋ ಹಂಗೆ ಇಡಿ," ಅಂದಳು ಸೆಲ್ಲಮ್ಮ. ಭೂಪತಿ ಕೋಲನ್ನು ತಿರುಗಿಸಿ, ಖಾಲಿ ಬಿಟ್ಟ ಆ ಸೀಟಿನಲ್ಲಿ ಕಿಟಕಿಯ ಬಳಿ ನಿಲ್ಲಿಸಿ, ಅಲುಗದಂತೆ ಎರಡು ಕೈಯಲ್ಲೂ ಹಿಡಿದುಕೊಂಡ.